ಸಪ್ಪೆ ಪದಗಳ ನಲವತ್ತೊಂದು ಗಂಟೆ

ಶನಿವಾರ ಮಧ್ಯಾಹ್ನ ಮೂರಕ್ಕೆ ಹಾಡು ಶುರುವಾಗಿ ಇನ್ನೂ ಎರಡನೇ ಪದಕ್ಕೆ ಬಂದಿರಲಿಲ್ಲ, ಅಷ್ಟರಲ್ಲೇ ನಗರದ ಕಚೇರಿಯವಳು ಬೀಗ, ಅಂಟು, ಮುದ್ರೆಯ ಕಾಗದ ಸಮೇತ ಬಾಗಿಲಲ್ಲಿ ನಿಂತಿದ್ದಳು. ಇಡೀ ಶಿಕಾಗೋದಲ್ಲಿ ಶನಿವಾರವೂ ಕೆಲಸ ಮಾಡುವ ಸರ್ಕಾರಿ ನೌಕರಳು ಯಾರಾದರೂ ಇದ್ದರೆ ಅದು ಮಿರ್ತಾ ಒಕೆಂದೊ ಒಬ್ಬಳೇ. ಗ್ರಹಚಾರಕ್ಕೆ ಅವಳೇ ಬರಬೇಕಿತ್ತು.

ಬೀಗ ಬೀಳಬೇಕಾಗಿದ್ದದ್ದು ಪಿಲ್ಸೆನ್ ಕೇರಿಯ ಹಳೇ ಬೇಕರಿಯ ಮೇಲಿನ ಕೋಣೆಗೆ. ಹತ್ತೊಂಬತ್ತು ವರ್ಷದಿಂದ ಮಂಗಳವಾರ ಬರೆಯುವ ಹೆಂಗಸರು, ಶನಿವಾರ ಹಾಡುವ ಹೆಂಗಸರು ಅಲ್ಲಿ ಸೇರುತ್ತಿದ್ದರು. ಹೆಚ್ಚುಕಡಿಮೆ ಎರಡೂ ಅವರೇ. ಈಗ ಕಟ್ಟಡ ಕೈಬದಲಾಗಿತ್ತು. ಕೊಂಡವರಿಗೆ ಅಲ್ಲಿ ನಾಯಿಗಳಿಗೆ ಬಿಸಿನೀರಿನ ಸ್ನಾನ ಮಾಡಿಸುವ ಅಂಗಡಿ ತೆರೆಯಬೇಕಿತ್ತಂತೆ. ಕೇರಿಯಲ್ಲಿ ಅರ್ಧ ಜನರ ಮನೆಯಲ್ಲಿ ಚಳಿಗಾಲಕ್ಕೆ ಬಿಸಿನೀರು ಬರುವುದಿಲ್ಲ, ಇರಲಿ.

ಆ ಕೋಣೆ ಹೋದರೆ ನೊಯೆಮಿ ಉಸ್ಕಾಂಗಾಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ವಯಸ್ಸು ಐವತ್ತಮೂರು. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆ ತುಂಬುವ ಕೆಲಸ, ಮಂಚದ ಕೆಳಗೆ ಹನ್ನೊಂದು ನೋಟುಪುಸ್ತಕ ತುಂಬ ಕವಿತೆ. ಅವುಗಳನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದರೆ ಆ ಕೋಣೆಯಲ್ಲೇ, ಮಂಗಳವಾರಗಳಲ್ಲಿ. ಮನೆಯಲ್ಲಿ ಅಮ್ಮ ಇದ್ದಳು, ಕೇರಿಯೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಬೆನಿಗ್ನಾ, ಎಂಬತ್ತನಾಲ್ಕರ ಮುದುಕಿ, ವೆರಾಕ್ರೂಸ್ ಕಡಲಂಚಿನಿಂದ ಗಡಿಯ ಹೊಳೆ ದಾಟಿ ಬಂದವಳು. ಅವಳು ಒಂದೇ ಒಂದು ಸಲ ಮಗಳ ಕವಿತೆ ಕೇಳಿದ್ದಳು. ಕೇಳಿ, "ಪದ ಅಂದ್ರೆ ಎದ್ದು ಕುಣೀಬೇಕು ಮಗಳೇ. ನಿಂದು ಕಾಗದದ ಮೇಲೆ ಮಲಗಿಬಿಟ್ಟಿದೆ" ಅಂದಿದ್ದಳು. ಅದಾಗಿ ಹನ್ನೊಂದು ವರ್ಷ. ಅಂದಿನಿಂದ ನೊಯೆಮಿ ಅಮ್ಮನ ಎದುರು ತನ್ನದೊಂದು ಸಾಲನ್ನೂ ಬಾಯಿಬಿಟ್ಟಿರಲಿಲ್ಲ. ಅಮ್ಮನೂ ಬರುತ್ತಿದ್ದ ಶನಿವಾರದ ಕೂಟದಲ್ಲಿ ಹಳಬರ ಪದಗಳನ್ನೇ ಹಾಡಿಕೊಂಡು ಬಂದಿದ್ದಳು. ಅಮ್ಮನ ಆ ಮಾತಿನ ಉರಿ ಮಾತ್ರ ಇವತ್ತಿಗೂ ಆರಿರಲಿಲ್ಲ.

ಮಿರ್ತಾ ಆದೇಶ ಓದಿದಳು. ಕೂಟದ ಯಜಮಾನಿ ಗ್ರಿಸೆಲ್ದಾ, ಬೀದಿ ಮೂಲೆಯಲ್ಲಿ ಕ್ಷೌರದಂಗಡಿ ಇಟ್ಟವಳು, ಪುಟ್ಟ ಗಿಟಾರನ್ನು ನುಡಿಸುತ್ತಲೇ ಕತ್ತು ಚಾಚಿ ಅದನ್ನು ತಾನೂ ಓದಿದಳು. ಓದಿ, ಕೈ ಬಿಡುವಿಲ್ಲದ್ದಕ್ಕೆ ಒಂದು ಸಾಲನ್ನು ಗದ್ದದಿಂದಲೇ ತೋರಿಸಿದಳು. 'ಒಳಗೆ ಕಾರ್ಯಕ್ರಮ ನಡೆಯುತ್ತಿದ್ದರೆ ಅದು ಮುಗಿದ ಕೂಡಲೇ ಮುದ್ರೆ ಹಾಕತಕ್ಕದ್ದು' ಎಂದಿತ್ತು.

"ನಡೀತಾ ಇದೆ ನೋಡಿ" ಅಂದಳು ಗ್ರಿಸೆಲ್ದಾ.

"ಕಾಣ್ತಾ ಇದೆ. ಎಷ್ಟೊತ್ತಿಗೆ ಮುಗಿಯುತ್ತೆ?"

"ಯಾರಿಗೆ ಗೊತ್ತು ತಾಯಿ. ಕೂತ್ಕೊಳ್ಳಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕುಣಿಯುವ ಹಲಗೆಯ ಸುತ್ತ ಕೂತು ಹಾಡುವ ಈ ಫಂದಾಂಗೊ ಕೂಟದಲ್ಲಿ ಹಾಡಿಗೆ ಇಷ್ಟೇ ಉದ್ದ ಅಂತ ಇಲ್ಲ. ಒಬ್ಬಳು ನಾಲ್ಕು ಸಾಲಿನ ಪದ ಹಾಡುತ್ತಾಳೆ, ಇನ್ನೊಬ್ಬಳು ನಾಲ್ಕು ಸಾಲಿನಲ್ಲಿ ಉತ್ತರ ಕೊಡುತ್ತಾಳೆ, ಹಲಗೆಯ ಮೇಲೆ ಇಬ್ಬರು ಹಿಮ್ಮಡಿ ಬಡಿಯುತ್ತಿರುತ್ತಾರೆ, ಕಾಲು ಸೋತವಳ ಜಾಗಕ್ಕೆ ಮತ್ತೊಬ್ಬಳು ಏರುತ್ತಾಳೆ. ಹಾಡಿದ ಪದವನ್ನೇ ಮತ್ತೆ ಹಾಡುವಂತಿಲ್ಲ. ಕೂಟದ ಹಿರಿಯಳು 'ಉನಾ' ಎಂದು ಕೂಗಿದಾಗಲೇ ಹಾಡು ನಿಲ್ಲುವುದು. ಅವಳು ಕೂತಿರುವಾಗ ಬೇರೆ ಯಾರೂ ಆ ಮಾತು ಆಡಬಾರದು. ಅಂದಿನ ಹಿರಿಯಳು ದೋನ್ಯಾ ಬೆನಿಗ್ನಾ. ತೊಡೆಯ ಮೇಲೆ ದೊಡ್ಡ ಹೊಟ್ಟೆಯ ಗಿಟಾರು ಇಟ್ಟುಕೊಂಡು, ಕಣ್ಣು ಮುಚ್ಚಿ ನುಡಿಸುತ್ತಿದ್ದಳು.

ಗ್ರಿಸೆಲ್ದಾಳ ಅಕ್ಕನ ಮಗಳು ವಕೀಲೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟು ತೆರೆದ ಕೂಡಲೇ ತಡೆಯಾಜ್ಞೆ ತಂದುಕೊಡುತ್ತೇನೆ, ಅಲ್ಲಿವರೆಗೆ ಮುದ್ರೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಮುಗಿಯಿತು ಅಂತ ಫೋನಿನಲ್ಲಿ ಹೇಳಿದಳು. ಗ್ರಿಸೆಲ್ದಾ ಬಂದು ಮುದುಕಿಯ ಕಿವಿಯಲ್ಲಿ ವಿಷಯ ಹೇಳಿದಳು.

"ಸೋಮವಾರ ಒಂಬತ್ತರ ತನಕ 'ಉನಾ' ಅನ್ಬೇಡಿ ದೋನ್ಯಾ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಾಡಿಗೆ ಗಡಿಯಾರ ಕಟ್ಟೋಕೆ ಬರ್ಬೇಡ" ಅಂದಳು ಮುದುಕಿ, ಕಣ್ಣು ತೆರೆಯದೆ. "ತಕ್ಕ ಪದ ಬೀಳೋ ತನಕ ನಾನು ನಿಲ್ಲಿಸಲ್ಲ. ಬಿದ್ದ ಮೇಲೆ ಒಂದು ಗಳಿಗೆನೂ ಎಳೆಯಲ್ಲ. ನನ್ನ ಅಜ್ಜಿ ಸುಂಟರಗಾಳಿ ಬಂದಾಗಲೂ ಹಾಗೇ ಮಾಡಿದ್ದು."

ಮೊದಲು ಅರ್ಥ ಹೊಳೆದದ್ದು ನೊಯೆಮಿಗೆ. "ಅಂದ್ರೆ ಸೋಮವಾರದ ತನಕ ಯಾರೂ ಒಂದೇ ಒಂದು ಒಳ್ಳೇ ಪದ ಹಾಡಬಾರದು" ಅಂದಳು.

"ಅದೇನು ಮಹಾ" ಅಂದಳು ಗ್ರಿಸೆಲ್ದಾ. "ಹತ್ತೊಂಬತ್ತು ವರ್ಷ ಒದ್ದಾಡಿದ್ರೂ ನಮಗೆ ಒಳ್ಳೇದು ಬಂದಿಲ್ಲ."

ಬಂದಿಲ್ಲ ಎಂದುಕೊಂಡರೇ ಹೊರತು, ಕೆಟ್ಟದಾಗಿ ಬರೆಯುವುದು ಎಷ್ಟು ಕಷ್ಟ ಅಂತ ಆ ಹೆಂಗಸರಿಗೆ ಗೊತ್ತಾದದ್ದು ಸಂಜೆಯ ಹೊತ್ತಿಗೆ. ಬಾಯಿ ಜಾರಿ ಎಲ್ಲೋ ಒಂದು ಸಾಲು ನೆಟ್ಟಗೆ ಬಂದುಬಿಡುತ್ತಿತ್ತು. ಮೂಲೆಯಲ್ಲಿ ಮಂಗಳವಾರದ ಬರೆಯುವ ಮೇಜು ಹಾಕಿದರು. ಸರದಿ ಬರುವವಳು ಅಲ್ಲಿ ಕೂತು ಬರೆಯಬೇಕು, ಉಳಿದವರು ತಿದ್ದಬೇಕು.

"ಇದ್ರಲ್ಲಿ ಒಂದು ಉಪಮೆ ಇದೆ, ಕಿತ್ತು ಹಾಕು."

"ಕೊನೇ ಸಾಲು ಎದೆಗೆ ತಾಗುತ್ತೆ ಕಣೇ. ಹಾಳು ಮಾಡು ಅದನ್ನ."

"ಅಯ್ಯೋ, ನಂಗೆ ಅಳು ಬರ್ತಿದೆ. ನಿನಗೇನು ತಲೆ ಕೆಟ್ಟಿದೆಯಾ, ಇದನ್ನ ಹಾಡ್ತೀಯಾ?"

ನೊಯೆಮಿಯ ಕೈ ಮಾತ್ರ ಇದರಲ್ಲಿ ಪಳಗಿತು. ಅವಳು ಎದ್ದು ನಿಂತು ಹಾಡಿದ್ದು ಹೀಗೆ:

ಫ್ರಿಜ್ಜಿನ ಒಳಗೆ ಬೆಣ್ಣೆ ಇದೆ,
ಬೆಣ್ಣೆಯ ಪಕ್ಕ ಮೊಟ್ಟೆ ಇದೆ,
ಮೊಟ್ಟೆಯ ಪಕ್ಕ ಹಾಲು ಇದೆ,
ಹಾಲಿನ ಪಕ್ಕ ಬೆಣ್ಣೆ ಇದೆ.

ಹೆಂಗಸರು ಹೆಮ್ಮೆಯಿಂದ ತಲೆದೂಗಿದರು. ಹಲಗೆಯ ಮೇಲಿನವರು ಹಿಮ್ಮಡಿ ಜೋರಾಗಿ ಬಡಿದರು. ದೋನ್ಯಾ ಬೆನಿಗ್ನಾ ಮಾತ್ರ ಹುಳಿ ಕಚ್ಚಿದವಳಂತೆ ಮುಖ ಮಾಡಿ, "ಸಪ್ಪೆ" ಅಂದಳು. ಮಗಳಿಗೆ ಅದು ಸೂಜಿ ಚುಚ್ಚಿದಂತಾಯಿತು. ಬೇಕೆಂದೇ ಸಪ್ಪೆಯಾಗಿ ಬರೆದದ್ದು, ಸಪ್ಪೆ ಅಂದರೆ ಗೆದ್ದಂತೆ, ಆದರೂ ಚುಚ್ಚಿತು.

ಮಿರ್ತಾ ಒಕೆಂದೊ ಮಡಚುವ ಕುರ್ಚಿಯಲ್ಲಿ ಕೂತು ಪ್ರತಿಯೊಂದು ಪದವನ್ನೂ ನಮೂನೆಯಲ್ಲಿ ಬರೆದುಕೊಳ್ಳುತ್ತಿದ್ದಳು, ಕಾರ್ಯಕ್ರಮ ನಡೆಯುತ್ತಿದೆ ಎಂಬುದಕ್ಕೆ ಪುರಾವೆ ಬೇಕಲ್ಲ. ನಮೂನೆಗಳು ತೀರಿದವು. ಮನೆಯಿಂದ ಗಂಡನ ಕೈಲಿ ಇನ್ನೊಂದು ಕಟ್ಟು ತರಿಸಿದಳು. ಗಂಡ ಜೋಳದ ಹಿಟ್ಟಿನ ಕಡುಬು ತಮಾಲೆ ತಿಂದು, ಹಲಗೆ ಹತ್ತಿ ಎರಡು ಗಂಟೆ ಕುಣಿದು ಹೋದ. ಭಾನುವಾರ ಪೂಜೆ ಮುಗಿಸಿ ಬಂದವರಿಂದ ಕೋಣೆ ತುಂಬಿತು. ಅಂಚೆಯವಳು ತನಗೆ ಗೊತ್ತಿದ್ದ ವಿಳಾಸಗಳನ್ನೆಲ್ಲ ರಾಗವಾಗಿ ಹಾಡಿದಳು. ಯಾರೋ ಕರೆಂಟಿನ ಬಿಲ್ಲು ಹಾಡಿದರು. ಹಾಡುವವರು ಸಾಲದೆ ಬಂದಾಗ ಒಂದು ಪದ ಹಾಡು ಎಂದು ಮಿರ್ತಾಳನ್ನೇ ಕೇಳಿದರು.

"ಕೆಲಸದ ಮೇಲಿರುವಾಗ ಹಾಡಬಾರದು ಅಂತ ಎಲ್ಲೂ ಬರೆದಿಲ್ಲ" ಎಂದು ಅವಳು ಯೋಚಿಸಿ ಯೋಚಿಸಿ ಹೇಳಿದಳು. ಎದ್ದು ನಿಂತು ನಿಯಮಾವಳಿಯ ಹದಿನಾಲ್ಕನೇ ಕಲಮನ್ನು ನಾಲ್ಕು ಸಾಲು ಮಾಡಿ ಹಾಡಿ, ಮತ್ತೆ ಕೂತು, ಅದನ್ನೂ ನಮೂನೆಯಲ್ಲಿ ಬರೆದುಕೊಂಡು ಕೆಳಗೆ ಸಹಿ ಹಾಕಿದಳು. ಎರಡು ದಿನದಲ್ಲೇ ಅತಿ ಕೆಟ್ಟ ಪದ ಅದು. ಗ್ರಿಸೆಲ್ದಾ ಹೋಗಿ ಅವಳನ್ನು ತಬ್ಬಿಕೊಂಡಳು.

ಮುದುಕಿ ನಿದ್ದೆ ಮಾಡುತ್ತಲೂ ನುಡಿಸುತ್ತಿದ್ದಳು. ನೊಯೆಮಿ ಹೀರುಗೊಳವೆಯಲ್ಲಿ ಜೋಳದ ಗಂಜಿ ಕುಡಿಸುತ್ತಿದ್ದಳು. ಬಚ್ಚಲಿಗೆ ಹೋಗುವಾಗ ಮಾತ್ರ ಗಿಟಾರನ್ನು ಗ್ರಿಸೆಲ್ದಾಳ ಕೈಗೆ ಕೊಟ್ಟು, "ಒಳಗಿದ್ರೂ ನಂಗೆ ಕೇಳುತ್ತೆ" ಎಂದು ಎಚ್ಚರಿಸಿ ಹೋಗುತ್ತಿದ್ದಳು.

ಭಾನುವಾರ ಸಂಜೆ ಒಂದು ಗಂಡಾಂತರ ಬಂತು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಯಾವತ್ತೂ ಬಾಯಿ ತೆರೆಯದ ಹೆಂಗಸೊಬ್ಬಳು ಎದ್ದು, ಗಂಡ ಬಿಟ್ಟುಹೋದ ಅಂಗಿಯ ಬಗ್ಗೆ ಮೂರು ಸಾಲು ಹಾಡಿದಳು. ಹಲಗೆಯ ಮೇಲಿನ ಕಾಲುಗಳು ತಪ್ಪಿದವು. ದೋನ್ಯಾ ಬೆನಿಗ್ನಾಳ ಒಂದು ಕಣ್ಣು ತೆರೆದುಕೊಂಡಿತು. ನಾಲ್ಕನೇ ಸಾಲು ಮುಗಿಯಿತು. ಮುದುಕಿ ತಲೆ ಅಲ್ಲಾಡಿಸಿ, "ಬಾಲ ಕುಂಟು" ಅಂದು ಕಣ್ಣು ಮುಚ್ಚಿದಳು.

"ಯಾರೇ ನಿಂಗೆ ಅಷ್ಟು ಚೆನ್ನಾಗಿ ಹಾಡು ಅಂದಿದ್ದು?" ಎಂದು ಎಲ್ಲರೂ ಆ ಬಡಪಾಯಿಯ ಮೇಲೆ ಮುಗಿಬಿದ್ದರು. ಅವಳು ಕ್ಷಮೆ ಕೇಳಿ ಪಾತ್ರೆ ತೊಳೆಯಲು ಹೋದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಉಳಿದದ್ದು ಏಳು ಜನ. ಎಲ್ಲರ ದನಿ ಬಿದ್ದುಹೋಗಿತ್ತು. ವಕೀಲೆ ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದ್ದೇನೆ ಅಂತ ಫೋನು ಮಾಡಿದ್ದಳು. ಇನ್ನು ಅರ್ಧ ಗಂಟೆ. ನೊಯೆಮಿ ಫ್ರಿಜ್ಜು, ಕಪಾಟು, ಬಸ್ಸಿನ ವೇಳಾಪಟ್ಟಿ, ಶಾಲೆಯ ಊಟದ ಪಟ್ಟಿ ಎಲ್ಲವನ್ನೂ ಹಾಡಿ ಮುಗಿಸಿದ್ದಳು. ಸರದಿ ಮತ್ತೆ ಅವಳ ಹತ್ತಿರ ಬಂತು. ಅವಳು ಕಿಟಕಿಯಾಚೆ ಕಂಡದ್ದನ್ನು ಹಾಡಿದಳು:

ಎದುರಿನ ಗೋಡೆ ಗೋಡೆಯಾಗಿದೆ,
ಕಿಟಕಿಯೊಂದು ಕಿಟಕಿಯಾಗಿದೆ...

"ಸಾಕು" ಅಂದಳು ಅಮ್ಮ. ಬೆರಳು ಮಾತ್ರ ನಿಲ್ಲಲಿಲ್ಲ. ಕಣ್ಣು ಪೂರ್ತಿ ತೆರೆದಿತ್ತು. "ಎರಡು ದಿನದಿಂದ ಕೇಳ್ತಾ ಇದೀನಿ. ಬೆಣ್ಣೆ, ಮೊಟ್ಟೆ, ಬಸ್ಸು, ಗೋಡೆ. ಹನ್ನೊಂದು ನೋಟುಪುಸ್ತಕ ಮಂಚದ ಕೆಳಗೆ ಇಟ್ಕೊಂಡು ನಿದ್ದೆ ಕೆಡಿಸ್ಕೊಂಡಿದ್ದು ಇದಕ್ಕೇನಾ? ನನ್ನ ಹೊಟ್ಟೇಲಿ ಹುಟ್ಟಿದವಳು ಇಷ್ಟೇನಾ?"

"ಅಮ್ಮ, ಬೇಕಂತಲೇ ಮಾಡ್ತಿರೋದು. ನಿಂಗೆ ಗೊತ್ತಲ್ಲ."

"ಎಲ್ಲರೂ ಹಾಗೇ ಹೇಳೋದು."

ನೊಯೆಮಿ ಗೋಡೆಯ ಗಡಿಯಾರ ನೋಡಿದಳು. ಒಂಬತ್ತಕ್ಕೆ ಇಪ್ಪತ್ತು ನಿಮಿಷ. ಗ್ರಿಸೆಲ್ದಾ ಕಣ್ಣಲ್ಲೇ ಬೇಡ, ಬೇಡ ಅನ್ನುತ್ತಿದ್ದಳು. ಇನ್ನೊಂದು ಗೋಡೆ, ಇನ್ನೊಂದು ಕಿಟಕಿ, ಏನೋ ಒಂದು ಹಾಡಿದ್ದರೆ ನಡೆದುಹೋಗುತ್ತಿತ್ತು. ಅಷ್ಟೂ ಅವಳಿಗೆ ಗೊತ್ತಿತ್ತು. ಆದರೆ ಹನ್ನೊಂದು ವರ್ಷದ ಸಿಟ್ಟು ಕೇಳಲಿಲ್ಲ. ಕೋಣೆ ಹಾಳಾಗಿ ಹೋಗಲಿ ಅನ್ನಿಸಿತು ಅವಳಿಗೆ, ನಿಜವಾಗಿಯೂ ಅನ್ನಿಸಿತು. ಅಮ್ಮನ ಮುಖವನ್ನೇ ನೋಡಿಕೊಂಡು ಹಾಡಿದಳು:

ಒಂದು ಕೈಲಿ ನಾನು, ಒಂದು ಕೈಲಿ ಗಿಟಾರು,
ಹೊಳೆ ದಾಟಿದಳು ನನ್ನವ್ವ.
ಎರಡರಲ್ಲೊಂದು ಕೊಡು ಅಂದಿತು ನೀರು,
ಕೊಡಲಿಲ್ಲ ಒಂದನ್ನೂ ನನ್ನವ್ವ.

ಹಲಗೆಯ ಮೇಲಿನ ಇಬ್ಬರ ಕಾಲು ತಾವಾಗಿಯೇ ಮೆತ್ತಗಾದವು. ಮಿರ್ತಾಳ ಪೆನ್ನು ನಿಂತಿತು. ಗ್ರಿಸೆಲ್ದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಅಳುವಿಗೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ. ದೋನ್ಯಾ ಬೆನಿಗ್ನಾ ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟಳು.

"ಉನಾ" ಅಂದಳು. ಅದು ಕೂಗಿದಂತೆ ಇರಲಿಲ್ಲ, ಉಸಿರು ಬಿಟ್ಟಂತೆ ಇತ್ತು.

ನಲವತ್ತೊಂದು ಗಂಟೆ ನಲವತ್ತು ನಿಮಿಷದ ನಂತರ ಕೋಣೆ ನಿಶ್ಶಬ್ದವಾಯಿತು. ಕೆಳಗೆ ಬೀದಿಯಲ್ಲಿ ಬಸ್ಸು ಹೋದದ್ದು ಕೇಳಿಸಿತು. ಮಿರ್ತಾ ಒಕೆಂದೊ ಎದ್ದಳು, ಕಾರ್ಯಕ್ರಮ ಮುಗಿದ ಸಮಯ ಬರೆದಳು. ನಿಯಮ ಅಂದರೆ ನಿಯಮ. ಆ ವಿಷಯದಲ್ಲಿ ಅವಳೂ ಮುದುಕಿಯೂ ಒಂದೇ ಜಾತಿ. ಕುಣಿಯುವ ಹಲಗೆ, ಕುರ್ಚಿ, ಮೇಜು, ತಮಾಲೆಯ ಪಾತ್ರೆ ಒಂದೊಂದಾಗಿ ಮೆಟ್ಟಿಲಿಳಿದವು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲಿಗೆ ಮುದ್ರೆ ಬಿತ್ತು. ಅಂಟು ಹಚ್ಚುವಾಗ ಮಿರ್ತಾ ಮೂಗು ಒರೆಸಿಕೊಂಡಳು, ಕಾಗದ ಸೊಟ್ಟಗಾಯಿತು.

ಗ್ರಿಸೆಲ್ದಾ ನೊಯೆಮಿಯ ಎದುರು ಬಂದು ನಿಂತಳು. "ನಿನ್ನ ಕತ್ತು ಹಿಸುಕ್ಬೇಕು ಅನ್ನಿಸ್ತಿದೆ" ಅಂದಳು. ಅದರ ಹಿಂದೆಯೇ, "ಮೊದಲು ಆ ಪದ ಇನ್ನೊಂದ್ಸಲ ಹೇಳು" ಅಂದಳು. ಹತ್ತೊಂಬತ್ತು ವರ್ಷದ ಕೋಣೆಯನ್ನು ಒಂದು ಸಿಟ್ಟಿಗೆ ಕಳೆದುಬಿಟ್ಟೆನಲ್ಲ ಎಂಬ ಸಂಕಟ ಆಗ ತಾನೇ ನೊಯೆಮಿಯ ಮೇಲೆ ಬಂದು ಕೂತಿತ್ತು. ಫುಟ್‌ಪಾತಿನಲ್ಲಿಟ್ಟ ಹಲಗೆಯ ಮೇಲೆ ಅಮ್ಮನ ಪಕ್ಕ ಹೋಗಿ ಕೂತಳು.

"ಇಪ್ಪತ್ತೇ ನಿಮಿಷ, ಅಮ್ಮ. ಇಪ್ಪತ್ತು ನಿಮಿಷ ತಡೀಬಾರದಾಗಿತ್ತಾ? ಕೋಣೆ ಉಳೀತಿತ್ತು."

ದೋನ್ಯಾ ಬೆನಿಗ್ನಾ ಬಾತುಹೋದ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದಳು. ಮಗಳನ್ನು ನೋಡಿದಳು, ನೋಡಿ ರೇಗಿದಳು.

"ಎಂಬತ್ತನಾಲ್ಕು ವರ್ಷದ ಮುದುಕಿ ಎರಡು ದಿನ ಕೂತು ಬೆರಳು ಮುರ್ಕೊಂಡಿದ್ದು ಒಂದು ಕೋಣೆಗೋಸ್ಕರ ಅಂದ್ಕೊಂಡ್ಯಾ? ನೀನು ಬಾಯಿ ಬಿಡ್ತೀಯೇನೋ ಅಂತ ಕಾಯ್ತಾ ಇದ್ದೆ. ಶನಿವಾರವೇ ಹಾಡಿದ್ರೆ ಶನಿವಾರವೇ ಮನೆಗೆ ಹೋಗ್ತಿದ್ವಿ."

ನೊಯೆಮಿ ಅಮ್ಮನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಬೆರಳುಗಳನ್ನು ತಿಕ್ಕತೊಡಗಿದಳು.