ಸೈಲಸ್ ಬ್ರಾಂಟ್ಲಿಯ ಪರವಾಗಿ ಪ್ರಿಯದರ್ಶಿನಿ

೧
ಬಸವನ ಬಾಗೇವಾಡಿಯ ಸಾರ್ವಜನಿಕ ಬದುಕಿನಲ್ಲಿ ಗಂಭೀರ ಘಟನೆಯೊಂದು ಸಂಭವಿಸಿದೆ: ಕಾಲೇಜಿನ ಭಾಷಣ ಸ್ಪರ್ಧೆಯ ಸ್ಟೀಲ್ ಡಬ್ಬಿಯಿಂದ ಪ್ರಿಯದರ್ಶಿನಿ ಒಂದು ಚೀಟಿ ಎತ್ತಿದಳು.

ಕಥೆ ಇಲ್ಲಿಂದಲೇ ಶುರುವಾಗಬೇಕೇ? ಚೀಟಿಯಲ್ಲಿದ್ದವನು ಹುಟ್ಟಿದ್ದು ೧೮೧೧ರಲ್ಲಿ. ಅಲ್ಲಿಂದ ಹೊರಟರೆ ಈಕೆ ವೇದಿಕೆ ಹತ್ತುವಷ್ಟರಲ್ಲಿ ನೀವು ಎದ್ದು ಹೋಗಿರುತ್ತೀರಿ. ಚುಟುಕಾಗಿ: ಸೈಲಸ್ ಬ್ರಾಂಟ್ಲಿ, ಅಮೆರಿಕದ ದಕ್ಷಿಣದವ, ಹತ್ತಿ ಹೊಲಗಳ ಧಣಿ, ಗುಲಾಮಗಿರಿ ಇರಲಿ ಎಂದು ಭಾಷಣ ಮಾಡಿಯೇ ಐದು ಸಲ ಆರಿಸಿಬಂದವ. (ಗೂಗಲ್ ಮಾಡಬೇಡಿ. ಕಥೆಗಾರ ಹುಟ್ಟಿಸಿದ ಶಾಸಕ.)

ಸ್ಪರ್ಧೆಯ ನಿಯಮ: ಚೀಟಿಯಲ್ಲಿ ಬಂದ ಶಾಸಕನಾಗಿ, ಅವನ ಪರವಾಗಿ ನಾಲ್ಕು ನಿಮಿಷ ಮಾತಾಡಬೇಕು. ಗೆದ್ದವರು ವಿಜಯಪುರದಲ್ಲಿ ನಡೆಯುವ ಮುಂದಿನ ಸುತ್ತಿಗೆ ಹೋಗುತ್ತಾರೆ. ತೀರ್ಪುಗಾರರು ಮಸೂತಿ ಊರಿನ ಬಸಂತರಾಯ ಗೌಡರು. ಅವರ ಕೊಟ್ಟಿಗೆಯ ಹೆಂಡಿಕಸವನ್ನು ನಲವತ್ತು ವರ್ಷದಿಂದ ತೆಗೆಯುತ್ತಿರುವವಳು ರೇವವ್ವ, ಪ್ರಿಯದರ್ಶಿನಿಯ ಅಜ್ಜಿ.

೨
(ರದ್ದಾದ ಕರಡು) ಆಕೆ ಚೀಟಿ ಹರಿದೆಸೆದು ತಲೆಯೆತ್ತಿ ಹೊರನಡೆದಳು.

"ಯಾಕ್ರೀ ಸರ್, ನಾ ಯಾಕ ಹರೀಲಿ?" ಪ್ರಿಯದರ್ಶಿನಿ ಕಥೆಗಾರನ ಮೇಲೇ ಏರಿಬಂದಳು. "ನಿಮಗ ಕಥಿ ಚಂದ ಆಗ್ತೈತಿ. ನನಗೇನು? ನಾ ಗೆಲ್ಲಾಕ ಬಂದೇನಿ."

"ಗುಲಾಮಗಿರಿ ಪರವಾಗಿ ಏನ್ ಹೇಳ್ತಿ?"

"ಅದನ್ನೇನ್ ಹುಡುಕೂದ್ ಬ್ಯಾಡ್ರಿ. ಸಣ್ಣಾಕಿದ್ದಾಗಿಂದ ಗೌಡ್ರ ಕಟ್ಟಿಮ್ಯಾಗ ಕೇಳೇನಿ."

ಕಥೆಗಾರ ಪೆನ್ನು ಕೆಳಗಿಟ್ಟ. "ಅವರಿಗೆ ಗುರ್ತು ಹತ್ತಿದ್ರ? ಅಜ್ಜಿ ಕೆಲಸ?"

ಆಕೆ ಉತ್ತರಿಸುವಷ್ಟರಲ್ಲಿ ಹೆಸರು ಕೂಗಿದರು.

೩
ಪ್ರಿಯದರ್ಶಿನಿ ಮೈಕು ಹಿಡಿದಳು.

"ಸಭಾಪತಿಗಳೇ! ನಮ್ಮ ಆಳುಗಳನ್ನ ನಾವು ಆಳು ಅಂತ ಕಂಡಿಲ್ಲ. ಅವರು ನಮ್ಮ ಮನಿ ಮಂದಿನ. ಹಬ್ಬಕ್ಕ ಹೊಸ ಸೀರಿ, ಜಡ್ಡಿಗೆ ಡಾಕ್ಟರ್, ಎಲ್ಲಾ ನಾವ. ಹೋಗ್ರಿ ಅಂದ್ರೂ ಅವರು ಹೋಗೂದಿಲ್ಲ. ಪ್ರೀತಿ! ಅವರ ಚಾದ ಲೋಟ ಕೊಟ್ಟಿಗಿ ಗೂಡಿನ್ಯಾಗ ಬ್ಯಾರೆ ಇಟ್ಟೇವಿ, ಖರೆ. ಅದೂ ಅವರ ಸಲುವಾಗೇ, ಅವರಿಗೆ ಸಂಕೋಚ ಆಗಬಾರದಂತ."

ಲೋಟದ ಮಾತಿಗೆ ಬ್ರಾಂಟ್ಲಿ ಅಮೆರಿಕ ಬಿಟ್ಟು ಸೀದಾ ಮಸೂತಿಗೆ ಬಂದಿಳಿದಿದ್ದ. ಗೌಡರ ಪೆನ್ನು ನಿಂತಿತು. ಪ್ರಿಯದರ್ಶಿನಿಗೆ ಅದು ಕಂಡಿತು. ಆದರೂ ನಿಲ್ಲಿಸಲಿಲ್ಲ, ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು.

೪
ಮುಕ್ತಾಯ ಒಂದು: ಗೌಡರು ಎದ್ದು ಹೋಗುತ್ತಾರೆ. ಸಂಜೆ ರೇವವ್ವನಿಗೆ, "ನಾಳಿಂದ ಬರಬ್ಯಾಡ."

ಮುಕ್ತಾಯ ಎರಡು: ಗೌಡರು ಪಶ್ಚಾತ್ತಾಪದಿಂದ ಕಣ್ಣೊರೆಸಿಕೊಳ್ಳುತ್ತಾರೆ. (ಇದನ್ನು ಬರೆದ ಕೈಯನ್ನು ಕಥೆಗಾರ ಸೋಪು ಹಚ್ಚಿ ತೊಳೆದುಕೊಂಡ.)

ಇವೆರಡನ್ನೂ ಓದಿರದ ಗೌಡರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಭೇಷ್! ಇಷ್ಟ್ ಖರೇ ಮಾತು ಈ ಕಾಲದಾಗ ಯಾರ್ ಆಡ್ತಾರ? ಯಾರ ಪೈಕಿ ಬೇ ನೀ?"

"ರೇವವ್ವನ ಮೊಮ್ಮಗಳ್ರಿ."

"ಹಂಗನ್ನು! ನಮ್ಮ ಮನಿ ಹುಡುಗೀನ!"

ಆಕೆ ನಕ್ಕಳೇ, ಹಲ್ಲು ಕಚ್ಚಿದಳೇ? ಕಥೆಗಾರ ಕೇಳಿದ.

"ಅದನ್ನ ಬರೀಬ್ಯಾಡ್ರಿ" ಎಂದಳು.

ಬರೆದಿಲ್ಲ. ಮೊದಲ ಸ್ಥಾನ ಪ್ರಿಯದರ್ಶಿನಿಗೆ ಬಂತು.