ಸ್ಯಾಟಿನ್ನಿಗೆ ಸಿಕ್ಕಿಕೊಂಡ ಕೈ

ಮದುವೆಯ ಗೌನು ಹೊಲಿಯುವ ಆ ಕಾರ್ಖಾನೆಯಲ್ಲಿ ಹೆಸರು ಕೂಗಿ ಹಾಜರಿ ಹಾಕುವ ಪದ್ಧತಿಯೇ ಇಲ್ಲ. ಬೆಳಗ್ಗೆ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈ ಮೇಲೂ ಒಂದು ತುಂಡು ಬಿಳಿ ಸ್ಯಾಟಿನ್ ಎಳೆಯುತ್ತಾಳೆ. ಬಟ್ಟೆ ಜಾರಿತೋ, ಒಳಗೆ. ಎಳೆ ಸಿಕ್ಕಿಕೊಂಡಿತೋ, ಹಿಂದಿನ ಗೋದಾಮಿಗೆ, ಡಬ್ಬಿ ಕಟ್ಟುವುದಕ್ಕೆ.

ನಮ್ಮ ಕಸೂತಿಯವಳ ಕೈಗೆ ಆವತ್ತು ಸ್ಯಾಟಿನ್ ಯಾವ ಪರಿ ಅಂಟಿಕೊಂಡಿತೆಂದರೆ, ಬಿಡಿಸಲು ಕತ್ತರಿಯೇ ಬರಬೇಕಾಯಿತು. ಹನ್ನೆರಡು ವರ್ಷ ಹೂವು ಬಳ್ಳಿ ಬಿಡಿಸಿದ ಬೆರಳುಗಳು ಈಗ ಬಿರುಕು ಬಿಟ್ಟ ಗೋಡೆಯಂತಿದ್ದವು.

"ಎರಡು ತಿಂಗಳು ಕೊಡ್ತೀನಮ್ಮ. ಆಮೇಲೂ ಕೈ ಹಿಂಗೇ ಇದ್ರೆ ಸೂಜಿ ಮರ್ತುಬಿಡು," ಎಂದಳು ಮೇಲ್ವಿಚಾರಕಿ.

ಇಷ್ಟಕ್ಕೆಲ್ಲ ಕಾರಣ ಒಂದೇ ಮನೆಯಲ್ಲಿದ್ದ ಭಾವ, ಅಂದರೆ ಅಕ್ಕನ ಗಂಡ. ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ಈ ಮಹಾಶಯ ಒಂದು ಭಾನುವಾರ ಹಾಸಿಗೆಯಿಂದ ಏಳುವಾಗ ಚರ್ಮದ ಪಂಡಿತನಾಗಿಯೇ ಎದ್ದಿದ್ದ. ಆಲಿವ್ ಎಣ್ಣೆಗೆ ಗುಲಾಬಿ ವಾಸನೆ ಬೆರೆಸಿ ಸೀಸೆಗೆ ತುಂಬಿ ಮಾರತೊಡಗಿದ. ಎಣ್ಣೆ ಇರುವುದು ಹಚ್ಚುವುದಕ್ಕೇ ಹೊರತು ತಿನ್ನುವುದಕ್ಕಲ್ಲ, ಒಳಗೆ ಹೋದ ಜಿಡ್ಡು ಮುಖದಲ್ಲಿ ಮೊಡವೆಯಾಗಿ ಏಳುತ್ತದೆ ಎಂದು ಅಪ್ಪಣೆ ಹೊರಡಿಸಿದ. ಎಣ್ಣೆ, ಬೆಣ್ಣೆ, ಬೀಜ, ಮೀನು ಎಲ್ಲವೂ ಅಡುಗೆಮನೆಯಿಂದ ಗಡೀಪಾರಾದವು. ಉಳಿದದ್ದು ನೀರಲ್ಲಿ ಬೆಂದ ತರಕಾರಿ ಒಂದೇ.

ತಿಂಗಳುಗಟ್ಟಲೆ ಹೀಗೇ ಸಾಗಿತು. ಮನೆಯವರು ಮೇಲೆ ಮಿರಮಿರ ಮಿಂಚಿದರೂ ಕೆಳಗೆ ಒಣಕಟ್ಟಿಗೆ. ಅಕ್ಕ ಮೊಣಕೈ ಕೆರೆದುಕೊಂಡರೆ ಆ ಸದ್ದಿಗೆ ಬಡಗಿ ಬಂದನೆಂದು ಪಕ್ಕದ ಮನೆಯವರು ಮುರಿದ ಕುರ್ಚಿ ಹೊತ್ತು ತರುತ್ತಿದ್ದರು. ತಂಗಿಯ, ಅಂದರೆ ನಮ್ಮ ಕಸೂತಿಯವಳ ಪಾಡು ಇನ್ನೂ ಕಷ್ಟ. ಜಿಡ್ಡು ಕೈಯಲ್ಲಿ ಬಿಳಿ ಬಟ್ಟೆ ಮುಟ್ಟುವಂತಿಲ್ಲವಲ್ಲ, ರಾತ್ರಿ ಹಚ್ಚಿದ್ದನ್ನು ಬೆಳಗ್ಗೆ ಬಟ್ಟೆ ಸೋಪಿನಿಂದ ನಾಲ್ಕು ಸಲ ಉಜ್ಜಿ ತೊಳೆಯುತ್ತಿದ್ದಳು.

ಕಾರ್ಖಾನೆಯ ನರ್ಸು ಬಿಡಿಸಿ ಹೇಳಿದ್ದಳು. ಚರ್ಮ ಇಟ್ಟಿಗೆ ಗೋಡೆಯಿದ್ದ ಹಾಗೆ, ಇಟ್ಟಿಗೆ ಹಿಡಿದಿಡುವ ಗಾರೆ ಕೊಬ್ಬಿನದು. ಕೆಲವು ಕೊಬ್ಬನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ತಿಂದೇ ತೀರಬೇಕು. ಆಲಿವ್ ಎಣ್ಣೆ ತಿನ್ನಲು ಒಳ್ಳೆಯದೇ, ಆದರೆ ಒಣಚರ್ಮಕ್ಕೆ ಹಚ್ಚಿದರೆ ಗಾರೆ ಸಡಿಲವಾಗಬಹುದು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವನ ಕೆನ್ನೆ ಸಾಕ್ಷಿಗಿತ್ತಲ್ಲ. ಅದರ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದಿತ್ತು.

ಗೋದಾಮಿಗೆ ಹೋದ ಮೂರನೇ ದಿನ ಡಬ್ಬಿ ತಲುಪಿಸಲು ಹೊರಟವಳಿಗೆ ಮೂಲೆ ಹೋಟೆಲಿನ ಕಿಟಕಿಯಲ್ಲಿ ಆ ಕೆನ್ನೆಯೇ ಕಂಡಿತು. ಮುಂದೆ ತಟ್ಟೆ ತುಂಬ ಕೊಬ್ಬಿದ ಮೀನು, ಪಕ್ಕದಲ್ಲಿ ಒಂದು ಬಟ್ಟಲು ಅಕ್ರೋಟು. ಹೋಟೆಲಿನವನನ್ನು ಕೇಳಿದರೆ, ಇವರು ವರ್ಷದಿಂದ ದಿನಾ ಬರ್ತಾರಮ್ಮ ಅಂದ.

ಅವಳು ಹೋಗಿ ಎದುರಿಗೆ ಕುಳಿತಳು.

"ಏನ್ ಭಾವ, ಮೀನು ಬಾಯಿಗೆ ಹಚ್ಕೊತಿದ್ದೀರಾ?"

ಭಾವ ತಟ್ಟೆಗೆ ಕೈ ಅಡ್ಡ ಹಿಡಿದ. "ಶತ್ರು ಹೇಗಿದಾನೆ ಅಂತ ತಿಳ್ಕೊಬೇಕಲ್ವೇನೇ..."

"ತಿಳ್ಕೊಂಡು ತಿಳ್ಕೊಂಡು ಮುಳ್ಳಿನ ಗುಡ್ಡೆ ಹಾಕಿದೀರಿ."

ಉಳಿದ ಮೀನಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ತಿಂದು ಮುಗಿಸಿದಳು. ಸಂಜೆ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಕೂಗಾಡಲಿಲ್ಲ. ಗಂಡನ ಅಪ್ಪಣೆ ಗಂಡನಿಗೇ ಇರಲೆಂದು ಮರುದಿನದಿಂದ ಅವನ ಕೈಗೆ ಬೆಂದ ತರಕಾರಿಯ ಡಬ್ಬಿ ಕೊಟ್ಟಳು, ಇವನಿಗೆ ಇನ್ನು ಮೀನು ಬಡಿಸಕೂಡದೆಂದು ಮೂಲೆ ಹೋಟೆಲಿನವನಿಗೂ ತಾಕೀತು ಮಾಡಿ ಬಂದಳು. ಮೀನು, ಅಕ್ರೋಟು, ಅಗಸೆ ಬೀಜ ಹೆಂಗಸರ ತಟ್ಟೆಗೆ ಮರಳಿದವು. ತಂಗಿ ಬಟ್ಟೆ ಸೋಪು ಬಿಟ್ಟು ನರ್ಸು ಹೇಳಿದಂತೆ ಮಲಗುವಾಗ ನಾಲ್ಕು ಹನಿ ಸೂರ್ಯಕಾಂತಿ ಎಣ್ಣೆ ಸವರಿಕೊಂಡಳು.

ಎರಡು ತಿಂಗಳ ಗಡುವು ಮುಗಿದ ಬೆಳಗ್ಗೆ ಸ್ಯಾಟಿನ್ ಅವಳ ಅಂಗೈ ಮೇಲಿಂದ ಸೊರ್ರನೆ ಜಾರಿ ನೆಲಕ್ಕೆ ಬಿತ್ತು. ಮೇಲ್ವಿಚಾರಕಿ ಅವಳ ಸೂಜಿಪೆಟ್ಟಿಗೆ ವಾಪಸು ಕೊಟ್ಟಳು.

ಆಗಲೇ ಸೀಸೆ ಚೀಲ ಹೊತ್ತು ಬಂದ ಭಾವ. ಈ ಕೈಯನ್ನು ಮೃದು ಮಾಡಿದ್ದು ತನ್ನ ಎಣ್ಣೆಯೇ ಎಂದು ಬಾಗಿಲಲ್ಲಿ ನಿಂತು ಭಾಷಣ ಶುರು ಮಾಡಿದ. ಅವನ ಕೆನ್ನೆ ಹಪ್ಪಳದಂತೆ ಎದ್ದಿತ್ತು, ನಕ್ಕಾಗ ಎರಡು ಚೂರು ಅಂಗಿಯ ಮೇಲೆ ಉದುರಿದವು. ಮೇಲ್ವಿಚಾರಕಿ ಎಲ್ಲ ಕೇಳಿಸಿಕೊಂಡು, ಕೈ ಕೊಡಿ ಸ್ವಾಮಿ, ಅಂದಳು. ಸ್ಯಾಟಿನ್ ಎಳೆದಳು. ಬಟ್ಟೆ ಅಲ್ಲೇ ಕಚ್ಚಿಕೊಂಡು ನಿಂತಿತು.

ನಾದಿನಿ ಪೆಟ್ಟಿಗೆ ತೆರೆದು ಕತ್ತರಿ ತೆಗೆದಳು.

"ಅಲ್ಲಾಡ್ಬೇಡಿ ಭಾವ," ಅಂದಳು. "ಸ್ಯಾಟಿನ್ ಹರಿದೀತು."