ಮುತ್ತಪ್ಪ ಚುಚ್ಚದ ಬೆರಳು

"ಹೆಣದ ಮಡಿಲಾಗ ಹಂಚು ಇಡಬ್ಯಾಡೋ ಹನಮಂತಾ!" ಎನ್ನುತ್ತ ಚೌಡವ್ವ ಮೈದುನನ ಕೈಯಿಂದ ರಕ್ತ ಪರೀಕ್ಷೆಯ ಬಿಳಿ ಪಿಂಗಾಣಿ ಹಂಚನ್ನು ಕಸಿದುಕೊಂಡಳು.

"ಇರಲಿ ಬಿಡ ವೈನಿ. ಅಲ್ಲಿ ಯಮನ ಬೆರಳ ಚುಚ್ಚಾಕ ಬೇಕಾಕ್ಕೈತಿ ಅಣ್ಣಗ."

ನೆರೆದವರು ನಕ್ಕರು. ಕಂಬಕ್ಕೆ ಒರಗಿಸಿ ಕೂರಿಸಿದ್ದ ಮುತ್ತಪ್ಪನೂ ಹಣೆತುಂಬ ವಿಭೂತಿಯೊಳಗೆ ನಕ್ಕಂತೆಯೇ ಕಂಡ. ಸತ್ತದ್ದೂ ನಗುತ್ತಲೇ, ಐವತ್ತೆಂಟರ ವಯಸ್ಸಿನಲ್ಲಿ, ಒಂಬತ್ತು ರೊಟ್ಟಿ ಮುಗಿಸಿ ಹತ್ತನೆಯದಕ್ಕೆ ಕೈ ಚಾಚಿ. ಹದಿನಾರು ಎನ್ನುವವರೂ ಇದ್ದಾರೆ. ಒಂಬತ್ತು ಎಂಬುದು ತೀರಾ ಕಂಜೂಸಿನ ಲೆಕ್ಕ.

ಅವನ ಮಣ್ಣಿಗೆ ಬಂದ ಮಂದಿಯೋ! ಗಜೇಂದ್ರಗಡದ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ರೋಣ, ನರಗುಂದ, ಅಸೂಟಿಯ ಚಕ್ಕಡಿಗಳು ಎಬ್ಬಿಸಿದ ಧೂಳಿಗೆ ಸೂರ್ಯನೇ ಕೆಮ್ಮಿದ. ಬಂದವರಲ್ಲಿ ಮುತ್ತಪ್ಪನ ಸೂಜಿ ಕಾಣದ ಬೆರಳು ಹುಡುಕಿದರೆ ಹತ್ತೋ ಇಪ್ಪತ್ತೋ ಸಿಕ್ಕೀತು.

"ಭಜನಿ ನಿಂದರಸ್ರಿ!" ದವಾಖಾನೆಯ ಡಾಕ್ಟರಬಾಯಿ ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಶೀಸೆ. ಬೆನ್ನಿಗೇ ಅಸೂಟಿಯ ಗುರುಸಂಗಪ್ಪಗೌಡರು, ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. "ಸಿಟ್ಟಾಗಬ್ಯಾಡ ಚೌಡವ್ವಾ, ಹಂಚು ಕೊಡು. ಗೌಡ್ರ ಮಗಳು ನೀಲವ್ವಗ ಸಂಜಿಯೊಳಗ ಒಗ್ಗೂ ರಕ್ತ ಸಿಗದಿದ್ರ ಆಕಿ ಉಳಿಯೂದಿಲ್ಲ."

* * *

ಮುಂಬಯಿ ಸರಕಾರ ಹೋಗಿ ಮೈಸೂರಿನದು ಬಂದ ವರ್ಷದ ಮಾತು. ಹತ್ತೊಂಬತ್ತರ ನೀಲವ್ವನ ಮೈಯಲ್ಲಿ ರಕ್ತ ತಾನಾಗಿಯೇ ಬತ್ತುತ್ತಿತ್ತು. ತಿಂಗಳಿಗೊಮ್ಮೆ ಬೇರೆಯವರದನ್ನು ಏರಿಸಬೇಕು. ಹಾಗೆ ಏರಿಸಿ ಏರಿಸಿ, ಹೊಸಬರ ರಕ್ತ ಕಂಡರೆ ಜಗಳಕ್ಕೆ ನಿಲ್ಲುವುದನ್ನು ಅವಳ ಮೈ ಕಲಿತುಬಿಟ್ಟಿತು. ಅದಕ್ಕೇ ಮೊದಲು ಶೀಸೆಯಲ್ಲಿಟ್ಟ ಅವಳ ರಕ್ತದ ತಿಳಿಯ ಹನಿಯನ್ನು ಹಂಚಿನ ಮೇಲಿಟ್ಟು, ಕೊಡುವವರ ಒಂದು ಹನಿ ಬೆರೆಸಿ ಅಲ್ಲಾಡಿಸಬೇಕು. ಒಡೆದ ಹಾಲಿನಂತೆ ಗಡ್ಡೆ ಕಟ್ಟಿದರೆ ಬೇಡ. ನುಣ್ಣಗೆ ಉಳಿದರೆ ಒಗ್ಗಿತು.

ಗೌಡರು ವರ ಹುಡುಕುವವರ ಹಾಗೆ ಕುಲ, ಮನೆತನ, ನಕ್ಷತ್ರ ನೋಡಿ ನಲವತ್ತೆರಡು ದಾಯಾದಿಗಳನ್ನು ಕರೆತಂದರು. "ನಮ್ಮ ಮನಿತನದ್ದ ಒಗ್ಗದ ಮತ್ತ ಯಾರದ ಒಗ್ಗತೈತಿ?" ನಲವತ್ತೆರಡೂ ಒಡೆದವು.

ಆಮೇಲೆ ಸೈಕಲ್ ಹತ್ತಿದವನು ಮುತ್ತಪ್ಪ. ಮಗ್ಗ ಬಿಟ್ಟು ದವಾಖಾನೆಯ ಆಳಾಗಿ ಮೂವತ್ತು ವರ್ಷದಿಂದ ಸೈಕಲ್ ತುಳಿಯುತ್ತಿದ್ದವನು. ಅವನು ಚುಚ್ಚಿದ ಬೆರಳುಗಳನ್ನು ಸಾಲಾಗಿಟ್ಟರೆ ಗಜೇಂದ್ರಗಡದ ಕೋಟೆಯಿಂದ ಮಲಪ್ರಭೆಯ ದಂಡೆ ಮುಟ್ಟುತ್ತಿತ್ತು. ಕೊನೆಗೆ ಹೊಳೆಆಲೂರು ಸ್ಟೇಶನ್ನಿನ ಟಾಂಗಾದ ಇಮಾಮಸಾಬನದು ಒಗ್ಗಿತು. ಒಂದು ವರ್ಷ ಕೊಟ್ಟ. ಈಗ ಅವನೂ ಕಾಮಾಲೆಯಾಗಿ ಮಲಗಿದ್ದ.

ಮುತ್ತಪ್ಪ ತನ್ನ ಮನೆಯಲ್ಲಿ ಮಾತ್ರ ಒಮ್ಮೆ ಕೇಳಿ ಸುಮ್ಮನಾಗಿದ್ದ.

"ಮದಿವ್ಯಾಗ ಉಡೂ ಧಾರಿ ಸೀರಿ ನೇಯೂ ಬೆರಳಿದು," ಅಂದಿದ್ದಳು ಚೌಡವ್ವ. "ಬಿಳಿ ನೂಲಿಗೆ ಒಂದ ಹನಿ ಹತ್ತಿದ್ರ ಎಂಟ ದಿನದ ದುಡಿತ ಹಾಳು. ಊರ ಚುಚ್ಚಿ ಬರ್ರಿ ನೀವು."

"ಬ್ಯಾಡ ಬಿಡ. ನೀ ನನ್ನ ನಾಲಿಗಿಲೆ ದಿನಾ ಚುಚ್ಚತಿ, ನಾ ಒಂದ ದಿನ ಸೂಜಿಲೆ ಚುಚ್ಚಿದ್ರ ಏನ್ ಸಮ ಆದೀತು?"

* * *

ಹೆಣದ ಮುಂದೆಯೇ ಸಾಲು ಹಚ್ಚಿದರು. ಮೊದಲೇ ಒಡೆದವರೂ "ಈ ಸಲ ನೋಡ್ರಿ" ಎಂದು ಬೆರಳು ನೀಡಿದರು. ಪೈಲ್ವಾನ ಕುತುಬುದ್ದೀನ ಸೂಜಿ ಕಂಡದ್ದೇ ಬಾಗಿಲು ಮುರಿದುಕೊಂಡು ಬಿದ್ದ. ಬಿದ್ದಲ್ಲೇ ಅವನದೊಂದು ಹನಿ ತೆಗೆದರು. ಅದೂ ಒಡೆಯಿತು. ಎಲ್ಲವೂ ಒಡೆದವು.

ಗೌಡರು ಮುತ್ತಪ್ಪನ ಕಾಲ ಬಳಿ ಕುಸಿದು ಕುಳಿತರು. "ನಡುನೀರಾಗ ಕೈ ಬಿಟ್ಟೆಲ್ಲೋ, ಮುತ್ತಪ್ಪಾ!"

ಚೌಡವ್ವ ತನ್ನ ಬೆರಳು ನೋಡಿಕೊಂಡಳು. ಬೆಳಗಿನಿಂದ ನೂಲು ಮುಟ್ಟದ ಬೆರಳು. ಎದ್ದು ಹೋಗಿ ಡಾಕ್ಟರಬಾಯಿಯ ಮುಂದೆ ಚಾಚಿದಳು.

"ಮಗ್ಗ ನಿಂತೈತ್ರಿ. ಇವತ್ತ ಚುಚ್ಚಿದ್ರ ಏನೂ ಕೆಡೂದಿಲ್ಲ."

ಡಾಕ್ಟರಬಾಯಿ ಹನಿ ಬೆರೆಸಿ ಹಂಚು ಅಲ್ಲಾಡಿಸಿದರು. ಗುಡ್ಡದ ಗಾಳಿ ಕೂಡ ಬಗ್ಗಿ ನೋಡಿತು. ಕುಂಕುಮದ ನೀರಿನಂತೆ ನುಣ್ಣಗೆ ಹರಿದಾಡಿತು ಹನಿ. ಅವರಿಗೇ ನಂಬಿಕೆ ಬರಲಿಲ್ಲ; ಮೂರು ಸಲ ಮಾಡಿದರು, ದವಾಖಾನೆಗೆ ಓಡಿಹೋಗಿ ಇನ್ನೊಮ್ಮೆ ನೋಡಿ ಬಂದರು.

"ಒಗ್ಗಿತು!"

ಹಲಗೆಯವರು ಯಾರ ಅಪ್ಪಣೆಗೂ ಕಾಯದೆ ಬಾರಿಸಿದರು. ಹನಮಂತಪ್ಪ ಅಣ್ಣನ ಹೆಣದ ಭುಜ ಹಿಡಿದು ಅಲುಗಿಸಿದ. "ನೂರ ಊರ ತಿರುಗಿದಿ, ಮನ್ಯಾಗ ನೋಡಲಿಲ್ಲಲ್ಲೋ ಮಳ್ಳ!"

"ಅವರಿಗ್ಯಾಕ ಅಂತಿ?" ಚೌಡವ್ವನ ನಗು ಅರ್ಧಕ್ಕೇ ಅಳುವಾಯಿತು, ಅಂದಿನ ಮೊದಲ ಅಳು. "ಕೇಳಿದ್ರು. ನಾನ ಕೊಡಲಿಲ್ಲ."

ಕಟ್ಟೆಯ ಮೇಲೆ ಚಾಪೆ ಹಾಸಿ ಅವಳನ್ನು ಮಲಗಿಸಿದರು. ತೋಳಿಗೆ ಸೂಜಿ, ಕೆಳಗೆ ಬಾಟಲಿ. ಅಷ್ಟರಲ್ಲಿ ಕೇರಿಯ ಹಿರಿಯಳು ಮರಿಯವ್ವ ಗುಂಡುಕಲ್ಲು ಹಿಡಿದು ಬಂದಳು. ಹೆಣ ಎತ್ತುವ ಮೊದಲು ಹೆಂಡತಿಯ ಬಳೆ ಒಡೆಯಬೇಕಲ್ಲ.

"ಹೊತ್ತ ಮೀರತೈತಿ. ಕೈ ಕೊಡ, ಮಗಳ."

"ಕುಂದರ ಬೇ ಅತ್ತಿ. ಈ ಕೈಗೆ ಕೆಲಸ ಐತಿ."

"ಮುತ್ತಪ್ಪ ಕಾಯಬೇಕನು?"

"ಕಾಯಲಿ. ಮೂವತ್ತ ವರ್ಷ ನಾ ಕಾದಿಲ್ಲೇನು, ಸೈಕಲ್ ಗಂಟಿ ಕೇಳಾಕ?"

ಮರಿಯವ್ವ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಡಾಕ್ಟರಬಾಯಿ ಹೇಳಿಕೊಟ್ಟಂತೆ ಚೌಡವ್ವ ಮುಷ್ಟಿ ಬಿಗಿದು ಬಿಡುತ್ತಿದ್ದಳು. ಬಿಗಿದಾಗೊಮ್ಮೆ ಹನ್ನೆರಡು ಹಸಿರು ಬಳೆ ಘಲ್ ಎನ್ನುತ್ತಿದ್ದವು, ಬಾಟಲಿಯಲ್ಲಿ ಕೆಂಪು ಒಂದು ಎಳೆ ಮೇಲೇರುತ್ತಿತ್ತು.